ವೈಡಲ್ ಪಾಸಿಟಿವ್ ಬಂದಾಗ

ಜ್ವರ ಬಿಟ್ಟು ತಿಂಗಳಾದ ಮೇಲೂ "ಟೈಫಾಯ್ಡ್ ಇನ್ನೂ ಎಷ್ಟು ಪಾಯಿಂಟ್ ಉಳಿದಿದೆ ನೋಡಿ" ಎಂದು ರಕ್ತ ಕೊಡಲು ಬರುವವರಿದ್ದಾರೆ. ಊಟ ಸೇರುತ್ತಿದೆ, ಕೆಲಸಕ್ಕೂ ಹೋಗುತ್ತಿದ್ದಾರೆ. ಆದರೆ ಹಳೆಯ ವೈಡಲ್ ರಿಪೋರ್ಟಿನ 1:160 ಅವರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನಾನು ಲ್ಯಾಬ್ ಟೆಕ್ನಿಷಿಯನ್. ಮೊದಲು ಪೇಟೆಯ ಸಣ್ಣ ಲ್ಯಾಬಿನಲ್ಲಿ ದುಡಿದೆ, ಆಮೇಲೆ ಕಲ್ಚರ್ ಮಾಡುವ ದೊಡ್ಡ ಆಸ್ಪತ್ರೆಯಲ್ಲಿ. ಎರಡೂ ಕಡೆ ಕಂಡದ್ದರಿಂದ ಒಂದು ಮಾತು ನನಗೆ ಖಚಿತವಾಗಿದೆ: ಟೈಫಾಯ್ಡ್ ಎಂಬ ಹೆಸರನ್ನು ನಾವು ಸಿಕ್ಕ ಜ್ವರಕ್ಕೆಲ್ಲ ಇಟ್ಟುಬಿಡುತ್ತೇವೆ, ಆ ಗದ್ದಲದಲ್ಲಿ ನಿಜವಾದ ಟೈಫಾಯ್ಡ್ ಕಣ್ಣಿಗೆ ಬೀಳುವುದಿಲ್ಲ.

ಟೈಫಾಯ್ಡ್ ಪತ್ತೆಗೆಂದು ಮಾಡುವ ವೈಡಲ್ ಪರೀಕ್ಷೆ 1896ರಷ್ಟು ಹಳೆಯದು. ಸ್ಲೈಡಿನ ಮೇಲೆ ರೋಗಿಯ ಸೀರಂ ಒಂದು ಹನಿ, ಅದಕ್ಕೆ ಸತ್ತ ಟೈಫಾಯ್ಡ್ ರೋಗಾಣುಗಳ ದ್ರಾವಣ ಒಂದು ಹನಿ. ದ್ರಾವಣ ಎರಡು ಬಗೆ: 'ಓ' ನೀಲಿ, 'ಎಚ್' ಕೆಂಪು. ಕಡ್ಡಿಯಿಂದ ಕಲಸಿ ಒಂದು ನಿಮಿಷ ಆಚೀಚೆ ತೂಗಿದರೆ, ರಕ್ತದಲ್ಲಿ ಪ್ರತಿಕಾಯಗಳಿದ್ದಲ್ಲಿ ಆ ನಯವಾದ ಬಣ್ಣ ಹಾಲು ಒಡೆದಂತೆ ಒಡೆಯುತ್ತದೆ. ಸೀರಂ ಎಷ್ಟು ತೆಳುವಾದರೂ ಒಡೆಯುತ್ತದೆ ಎಂಬ ಲೆಕ್ಕವೇ ಜನ ಹೇಳುವ 'ಪಾಯಿಂಟು'. ಆ ಪ್ರತಿಕಾಯಗಳು ಹಿಂದೆಂದೋ ಬಂದ ಜ್ವರದವಿರಬಹುದು, ಟೈಫಾಯ್ಡ್ ರೋಗಾಣು ಸೇರಿದ ಸಾಲ್ಮೊನೆಲ್ಲಾ ಕುಲದ ಬೇರೊಂದು ರೋಗಾಣುವಿನಿಂದ ಹುಟ್ಟಿದವಿರಬಹುದು. ಮಲೇರಿಯಾ, ಡೆಂಗಿ ರೋಗಿಗಳ ಸೀರಂ ಕೂಡ ಕೆಲವೊಮ್ಮೆ ಒಡೆಯುತ್ತದೆ. ನಿಜವಾದ ಟೈಫಾಯ್ಡ್ ಇದ್ದರೂ ಮೊದಲ ವಾರದಲ್ಲಿ ಒಡೆಯದೇ ಹೋಗಬಹುದು. ವಾಸಿಯಾದ ಮೇಲೂ ಪ್ರತಿಕಾಯ ತಿಂಗಳುಗಟ್ಟಲೆ ಉಳಿಯುವುದರಿಂದ, ಗುಣವಾಯಿತೇ ಎಂದು ತಿಳಿಯಲು ವೈಡಲ್ ಮಾಡಿಸುವುದು ಬರೀ ದುಡ್ಡು ದಂಡ.

ರೋಗಾಣುವನ್ನೇ ಬೆಳೆಸಿ ನೋಡುವ ಕಲ್ಚರ್ ನಿಧಾನದ ಕೆಲಸ. ದೊಡ್ಡವರಿಂದ ಎಂಟು-ಹತ್ತು ಎಂ.ಎಲ್. ರಕ್ತ ತೆಗೆದು, ಪೋಷಕ ದ್ರವವಿರುವ ಬಾಟಲಿಗೆ ಹಾಕಿ, ದೇಹದ ಶಾಖದಲ್ಲಿ ಇಡುತ್ತೇವೆ. ರೋಗಾಣು ಬೆಳೆದರೆ ದ್ರವ ಮಬ್ಬಾಗುತ್ತದೆ. ಅದನ್ನು ಮ್ಯಾಕಾಂಕಿ ಪ್ಲೇಟಿನ ಮೇಲೆ ಗೀರಿದರೆ, ಟೈಫಾಯ್ಡ್ ಆಗಿದ್ದಲ್ಲಿ ಮಾರನೆಯ ಬೆಳಿಗ್ಗೆ ಬಣ್ಣವಿಲ್ಲದ ಚುಕ್ಕೆಗಳು. ಇ-ಕೋಲಿ ಆಗಿದ್ದರೆ ಗುಲಾಬಿ. ಕಲ್ಚರ್ ಕೂಡ ನೂರು ಟೈಫಾಯ್ಡ್ ರೋಗಿಗಳಲ್ಲಿ ಸುಮಾರು ಅರವತ್ತು ಮಂದಿಯನ್ನು ಮಾತ್ರ ಹಿಡಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಆಂಟಿಬಯೋಟಿಕ್ ನುಂಗಿ ಬಂದರೆ ಇನ್ನೂ ಕಡಿಮೆ. ಅದಕ್ಕೇ ಮಾತ್ರೆ ಶುರುವಾಗುವ ಮೊದಲು ಕಲ್ಚರಿಗೆ ರಕ್ತ ಕೊಡಿ ಎಂದು ಗುರುತಿನವರಿಗೆಲ್ಲ ಹೇಳುತ್ತೇನೆ. ಯಾವ ಔಷಧಿಗೆ ರೋಗಾಣು ಬಗ್ಗುತ್ತದೆ ಎಂಬುದೂ ಕಲ್ಚರಿನಿಂದ ಮಾತ್ರ ತಿಳಿಯುತ್ತದೆ. ಒಂದು ಕಾಲಕ್ಕೆ ಸಿಪ್ರೊಫ್ಲಾಕ್ಸಾಸಿನ್ ರಾಮಬಾಣವಾಗಿತ್ತು. ಈಗ ನಮ್ಮ ದೇಶದ ಟೈಫಾಯ್ಡಿನಲ್ಲಿ ಹೆಚ್ಚಿನದು ಅದಕ್ಕೆ ಜಗ್ಗುವುದಿಲ್ಲ. ಸೆಫ್ಟ್ರಿಯಾಕ್ಸೋನ್, ಅಜಿತ್ರೋಮೈಸಿನ್‌ಗಳನ್ನೇ ನೆಚ್ಚಿಕೊಂಡಿದ್ದೇವೆ. 2016ರಲ್ಲಿ ಪಾಕಿಸ್ತಾನದ ಸಿಂಧ್‌ನಲ್ಲಿ ಸೆಫ್ಟ್ರಿಯಾಕ್ಸೋನಿಗೂ ಬಗ್ಗದ ತಳಿ ಹಬ್ಬತೊಡಗಿದಾಗ, ನುಂಗುವ ಔಷಧಿಯೆಂದು ಅಲ್ಲಿನವರಿಗೆ ಉಳಿದದ್ದು ಅಜಿತ್ರೋಮೈಸಿನ್ ಒಂದೇ. ಬೇಡದ ಔಷಧಿಯೇ ಇಂಥ ತಳಿಗಳನ್ನು ಬೆಳೆಸುವುದರಿಂದ, ಡೆಂಗಿ ಜ್ವರಕ್ಕೆ ಟೈಫಾಯ್ಡ್ ಔಷಧಿ ಚುಚ್ಚಿಸಿಕೊಂಡವರನ್ನು ಕಂಡಾಗೆಲ್ಲ ನನಗೆ ಸಿಂಧ್ ನೆನಪಾಗಿ ದಿಗಿಲಾಗುತ್ತದೆ.

ಸರಿಯಾದ ಔಷಧಿ ಬಿದ್ದರೂ ಈ ಜ್ವರ ಕೂಡಲೇ ಇಳಿಯುವುದಿಲ್ಲ. "ಮೂರು ದಿನ ಆತಣ್ಣ, ಇಂಜೆಕ್ಷನ್ ಹಾಕಿಸ್ತಾನೇ ಇದೀವಿ, ಇಳೀತಿಲ್ಲ. ಬೇರೆ ಡಾಕ್ಟ್ರಿಗೆ ತೋರಿಸ್ಲಾ?" ಎಂದು ಒಬ್ಬ ತಾಯಿ ವಾರ್ಡಿನ ಬಾಗಿಲಲ್ಲಿ ಕೇಳಿದ್ದರು. "ನಾಲ್ಕೈದು ದಿನ ಹಿಡಿಯುತ್ತಮ್ಮ. ಹೊಟ್ಟೆ ಬಿಗಿದು ಜೋರಾಗಿ ನೋವು ಬಂದ್ರೆ, ಮಲ ಕಪ್ಪಗೆ ಹೋದ್ರೆ ತಕ್ಷಣ ಡಾಕ್ಟ್ರಿಗೆ ಹೇಳಿ" ಎಂದೆ. ಕರುಳು ತೂತಾಗುವ ಅಪಾಯ ಇರುವುದು ಹೆಚ್ಚಾಗಿ ಮೂರನೆಯ ವಾರದ ಹೊತ್ತಿಗೆ, ಚಿಕಿತ್ಸೆ ತಡವಾದವರಿಗೆ.   

ಕಲ್ಚರಿನ ಬೆಲೆ ನನಗೆ ಪೂರ್ತಿ ತಿಳಿದದ್ದು ಒಂದು ಬೇಸಿಗೆಯಲ್ಲಿ. ಒಂದರ ಹಿಂದೆ ಒಂದು ಪಾಸಿಟಿವ್ ಬಂದವು. ಮೈಕ್ರೋಬಯಾಲಜಿ ಮೇಡಂ ಚೀಟಿಗಳನ್ನು ಮೇಜಿನ ಮೇಲೆ ಹರಡಿ, "ವಿಳಾಸ ನೋಡ್ರಿ" ಎಂದರು. ಹೆಚ್ಚಿನವು ಒಂದೇ ಓಣಿಯವು. ಹೆಲ್ತ್ ಇನ್ಸ್‌ಪೆಕ್ಟರ್ ಹೋದಾಗ ಅವರ ಜತೆಗೆ ನಾನೂ ಹೋದೆ. ಮನೆಗಳಿಗೆ ಹೋದ ನೀರಿನ ಪೈಪುಗಳು ತೆರೆದ ಚರಂಡಿಯೊಳಗೇ ಹಾದಿದ್ದವು. ಒಂದು ಜೋಡಣೆಗೆ ಸೈಕಲ್ ಟ್ಯೂಬ್ ಸುತ್ತಿದ್ದರು. ನೀರು ಬಿಡುವುದು ದಿನ ಬಿಟ್ಟು ದಿನ. ನೀರು ನಿಂತಾಗ ಪೈಪಿನ ಒತ್ತಡ ಬಿದ್ದು, ಒಡಕಿನಿಂದ ಚರಂಡಿಯ ಕೊಳೆ ಒಳಕ್ಕೆ ಎಳೆದುಕೊಳ್ಳುತ್ತದೆ. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇನ್ಸ್‌ಪೆಕ್ಟರ್ ಪರೀಕ್ಷೆಯ ಹನಿ ಬಿಟ್ಟರೆ ನೀರು ಹಳದಿಯಾಗಲೇ ಇಲ್ಲ. ಆ ಓಣಿಯಲ್ಲಿ ವೈಡಲ್ ಪಾಸಿಟಿವ್ ವರ್ಷವಿಡೀ ಬರುತ್ತಲೇ ಇತ್ತು. ಎಲ್ಲ ಓಣಿಗಳಲ್ಲೂ ಬರುತ್ತಿದ್ದುದರಿಂದ ಪೈಪು ನೋಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಕಲ್ಚರಿನ ಇಂಥದೇ ಲೆಕ್ಕ ದೊಡ್ಡದಾಗಿಯೂ ನಡೆದಿದೆ. 2017ರಿಂದ 2020ರವರೆಗೆ ವೆಲ್ಲೂರು, ದೆಹಲಿ, ಕೋಲ್ಕತ್ತ ಮತ್ತು ಪುಣೆ ಬಳಿಯ ಹಳ್ಳಿಗಳಲ್ಲಿ ಸಂಶೋಧಕರು ಮಕ್ಕಳಿಗೆ ಜ್ವರ ಬಂದಾಗಲೆಲ್ಲ ಕಲ್ಚರ್ ಮಾಡಿ ಎಣಿಸಿದರು. ನಗರಗಳಲ್ಲಿ ವರ್ಷಕ್ಕೆ ಲಕ್ಷ ಮಕ್ಕಳಲ್ಲಿ 500ಕ್ಕೂ ಹೆಚ್ಚು ಟೈಫಾಯ್ಡ್, ಪುಣೆಯ ಹಳ್ಳಿಗಳಲ್ಲಿ 35. ರೋಗ ಎಲ್ಲಿದೆ, ಲಸಿಕೆ ಮೊದಲು ಎಲ್ಲಿಗೆ ಹೋಗಬೇಕು ಎಂದು ಹೇಳುವುದು ಇಂಥ ಎಣಿಕೆ. ಆರು ತಿಂಗಳ ಕೂಸಿಗೂ ಹಾಕಬಹುದಾದ ಲಸಿಕೆ ಹೈದರಾಬಾದಿನಲ್ಲೇ ತಯಾರಾಗುತ್ತದೆ. ನವಿ ಮುಂಬೈ ನಗರಪಾಲಿಕೆ 2018ರಲ್ಲಿ ತನ್ನ ಮಕ್ಕಳಿಗೆ ಹಾಕಿಸಲು ಶುರುಮಾಡಿತು. ನಮ್ಮ ನಗರಗಳೂ ಹಾಕಿಸಲಿ ಎಂಬುದು ನನ್ನ ಆಸೆ. ಆದರೆ ಆ ಲಸಿಕೆ ಟೈಫಾಯ್ಡಿನಂಥದೇ ಜ್ವರವಾದ ಪ್ಯಾರಾಟೈಫಾಯ್ಡನ್ನು ತಡೆಯುವುದಿಲ್ಲ. ಆ ಓಣಿಯ ಬಾಟಲಿಗಳಲ್ಲಿ ಅದೂ ಬೆಳೆದಿತ್ತು, ಹಾಗಾಗಿ ಪೈಪನ್ನು ಚರಂಡಿಯಿಂದ ಮೇಲೆತ್ತುವ ಕೆಲಸ ಲಸಿಕೆ ಬಂದರೂ ತಪ್ಪುವುದಿಲ್ಲ.