ಸಹಾಯಾರ್ಥ ಸೈಕಲ್ ಸವಾರಿ

"ಸಹಾಯಾರ್ಥ ನಾಟಕ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಶಾಲೆಯ ಕೊಠಡಿಗೋ ಗುಡಿಯ ಜೀರ್ಣೋದ್ಧಾರಕ್ಕೋ ನಾಟಕ ಆಡಿಸಿ ಟಿಕೀಟಿನ ಹಣ ಕೂಡಿಸುತ್ತಾರೆ. ಸಹಾಯಾರ್ಥ ಸೈಕಲ್ ಸವಾರಿಯೂ ಅಂಥದ್ದೇ. ಇದು ರೇಸ್ ಅಲ್ಲ, ಮೊದಲು ಬಂದವರಿಗೆ ಕಪ್ಪೂ ಇಲ್ಲ. ಹೊರಡುವ ಮುಂಚೆಯೇ ನೆಂಟರಿಷ್ಟರ ಹತ್ತಿರ ಹೋಗಿ "ನಾನು ಇಷ್ಟು ಕಿ.ಮೀ. ತುಳೀತೀನಿ, ಕಿ.ಮೀ.ಗೆ ಇಷ್ಟು ಕೊಡ್ರಿ" ಎಂದು ಕೇಳಿ ಹೆಸರು ಬರೆಸಿಕೊಳ್ಳುವುದು, ಮುಗಿಸಿ ಬಂದ ಮೇಲೆ ವಸೂಲಿ ಮಾಡುವುದು.

ಅಮೆರಿಕದಲ್ಲಿ ಬಿಲ್ಲಿ ಸ್ಟಾರ್ ಎಂಬುವರ ತಾಯಿ ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡರು. ಅವರು 1980ರಲ್ಲಿ 36 ಜನರನ್ನು ಕಟ್ಟಿಕೊಂಡು ಮ್ಯಾಸಚೂಸೆಟ್ಸ್ ರಾಜ್ಯದ ಉದ್ದಕ್ಕೂ ಸೈಕಲ್ ತುಳಿದು, ಬಾಸ್ಟನ್ನಿನ ಕ್ಯಾನ್ಸರ್ ಆಸ್ಪತ್ರೆಗೆ 10,200 ಡಾಲರ್ ಕೂಡಿಸಿದರು. "ಪ್ಯಾನ್-ಮಾಸ್ ಚಾಲೆಂಜ್" ಎಂಬ ಹೆಸರಿನ ಆ ಸವಾರಿಯಿಂದ 2024ರ ಹೊತ್ತಿಗೆ ಕೂಡಿದ ಒಟ್ಟು ಹಣ 100 ಕೋಟಿ ಡಾಲರ್ ದಾಟಿತು! ನನಗೆ ಮೆಚ್ಚುಗೆಯಾದದ್ದು ಇನ್ನೊಂದು ವಿಷಯ. 2007ರಿಂದ ಸವಾರರು ತಂದ ಹಣದಲ್ಲಿ ಒಂದು ಪೈಸೆಯನ್ನೂ ಮುಟ್ಟದೆ ಪೂರ್ತಿ ಆಸ್ಪತ್ರೆಗೆ ಕೊಡುತ್ತಾರೆ. ಊಟ, ನೀರಿನ ಖರ್ಚನ್ನು ಬೇರೆ ಕಡೆಯಿಂದ ಹೊಂದಿಸುತ್ತಾರೆ. ನಮ್ಮ ಕಡೆ ಚಂದಾ ಎತ್ತುವವರು ಇದನ್ನು ಓದಬೇಕು.

ನಮ್ಮ ರಾಜ್ಯದಲ್ಲಿ 2008ರ ಡಿಸೆಂಬರಿನಲ್ಲಿ "ಟೂರ್ ಆಫ್ ನೀಲಗಿರೀಸ್" ಶುರುವಾಯಿತು. ಇದು ಕರ್ನಾಟಕ, ಕೇರಳ, ತಮಿಳುನಾಡುಗಳ ಕಾಡು-ಘಟ್ಟಗಳಲ್ಲಿ ಹಲವು ದಿನ ನಡೆಯುವ ಸವಾರಿ. ಊಟಿಗೆ ಹತ್ತುವ ಕಲ್ಹಟ್ಟಿ ಘಟ್ಟದಲ್ಲಿ 36 ತಿರುವುಗಳಿವೆ. ಅಲ್ಲಿಗೆ ಗೇರಿನ ಸೈಕಲ್ಲೇ ಬೇಕು. ನಮ್ಮ ಮನೆಯಲ್ಲಿರುವುದು ಅಕ್ಕನಿಗೆ ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್. (2006-07ರಲ್ಲಿ ಆರಂಭವಾದ ಆ ಯೋಜನೆ ಕೊರೊನಾ ಕಾಲದಲ್ಲಿ ನಿಂತಿತು.) ಅದಕ್ಕೆ ಗೇರೂ ಇಲ್ಲ, ಈಗ ಗಂಟೆಯೂ ಇಲ್ಲ.

ಆದರೂ ಹೋದ ಆಷಾಢದಲ್ಲಿ ನಾನೂ ಅಪ್ಪನೂ ಇಂಥದೊಂದು ಸವಾರಿಗೆ ಹೆಸರು ಕೊಟ್ಟೆವು. ಚಳ್ಳಕೆರೆಯಿಂದ ನಾಯಕನಹಟ್ಟಿಗೆ ಹೋಗಿ ಬರುವುದು, ಒಟ್ಟು ಸುಮಾರು 46 ಕಿ.ಮೀ. ನಮ್ಮ ಬೀದಿಯ ಅಣ್ಣ ಒಬ್ಬರಿಗೆ ಕಿಡ್ನಿ ಕೆಟ್ಟಿದೆ. ವಾರಕ್ಕೆ ಎರಡು ಸಲ ರಕ್ತ ಶುದ್ಧಿ ಮಾಡಿಸಲು ದುರ್ಗಕ್ಕೆ ಹೋಗಬೇಕು. ವಾಪಸು ಬರುವಾಗ ನಿಲ್ಲಲೂ ಆಗದಷ್ಟು ಸುಸ್ತಿರುತ್ತದೆ, ಆಟೋನೇ ಬೇಕು. ಆ ಬಾಡಿಗೆಗೆ ಈ ಹಣ.

ಅಪ್ಪ ಮೊದಲು ಒಪ್ಪಲಿಲ್ಲ. "ದುಡ್ಡು ಕೊಡೋರು ಸುಮ್ನೆ ಕೊಟ್ರೆ ಆಗಲ್ವಾ? ಗಾಳ್ಯಾಗೆ ತುಳಿಯೋದ್ಯಾಕೆ?" ಅಂದರು. ಅಜ್ಜಿ ಒಳಗಿನಿಂದಲೇ "ಹಟ್ಟಿ ತಿಪ್ಪೇಸ್ವಾಮಿ ಏನಂದಾನೆ? ಮಾಡಿದಷ್ಟು ನೀಡು ಭಿಕ್ಷೆ" ಅಂತು. ಕೆರೆ ಕಟ್ಟಿಸಿದ ತಿಪ್ಪೇರುದ್ರಸ್ವಾಮಿಯ ಈ ಮಾತು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಕಿ.ಮೀ. ಲೆಕ್ಕದ ಚಂದಾ ಎಂದರೂ ಅದೇ ತಾನೇ! ಅಪ್ಪ ಮರುಮಾತಾಡದೆ ಸೈಕಲ್ಲಿಗೆ ಗಾಳಿ ಹೊಡೆಯಲು ಹೋದರು.

30 ಮನೆಯವರು ಬರೆಸಿದರು: 26 ಮನೆ ಕಿ.ಮೀ.ಗೆ 1 ರೂ., 4 ಮನೆ 2 ರೂ. ಅಂದರೆ ಕಿ.ಮೀ.ಗೆ 34 ರೂ. ಪೂರ್ತಿ ಮುಗಿಸಿದರೆ 34 × 46 = 1,564 ರೂ. ಹಟ್ಟಿಯಲ್ಲೇ ನಿಂತರೆ 782 ರೂ. ಮಾತ್ರ. ಜೋಡಿಯಲ್ಲಿ ಇಬ್ಬರೂ ತುಳಿದ ದೂರಕ್ಕಷ್ಟೇ ಲೆಕ್ಕ ಎಂದು ನಿಯಮ. ಒಬ್ಬರು ಇಳಿದರೆ ಇನ್ನೊಬ್ಬರು ಎಷ್ಟು ಓಡಿಸಿದರೂ ದಂಡ.

ಇನ್ನು ವಿಜ್ಞಾನದ ವಿಷಯ. ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ. ನಾಯಕನಹಟ್ಟಿ ಚಳ್ಳಕೆರೆಗೆ ವಾಯವ್ಯದಲ್ಲಿದೆ, ಆದ್ದರಿಂದ ಹೋಗುವಾಗ ಗಾಳಿ ಬಹುಪಾಲು ಎದುರು. ಗಾಳಿ ನೇರ ಎದುರಿಗೇ ಗಂಟೆಗೆ 20 ಕಿ.ಮೀ., ನಾವು 12 ಕಿ.ಮೀ. ಎಂದಿಟ್ಟುಕೊಳ್ಳಿ. ಎದೆಗೆ ಬಡಿಯುವ ಗಾಳಿಯ ವೇಗ 20 + 12 = 32. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 32ರ ವರ್ಗ 1,024, 12ರ ವರ್ಗ 144. ಗಾಳಿಯಿಲ್ಲದ ದಿನಕ್ಕಿಂತ ಏಳು ಪಟ್ಟು ತಡೆ! ಆದರೆ ಮುಂದೆ ಹೋಗುವವರ ಬೆನ್ನ ಹಿಂದೆ ಗಾಳಿಗೆ ಮರೆ ಇರುತ್ತದೆ. ಆ ಮರೆಯಲ್ಲಿ ಹತ್ತಿರವೇ ಇದ್ದರೆ ಶ್ರಮ ಬಹಳ ಉಳಿಯುತ್ತದೆ. ದೊಡ್ಡ ರೇಸಿನವರು ಸಾಲಾಗಿ ಹೋಗುವುದು ಇದಕ್ಕೇ. ಅಪ್ಪ ಇದನ್ನು ಯಾವ ಪುಸ್ತಕದಲ್ಲೂ ಓದಿಲ್ಲ. ಶೇಂಗಾ ಚೀಲ ಹೇರಿಕೊಂಡು ಸಂತೆಗೆ ಹೋಗುತ್ತಿದ್ದ ಕಾಲದಿಂದ ಬಲ್ಲರು. "ನನ್ನ ಬೆನ್ನು ಬಿಡಬ್ಯಾಡ, ಗಾಲಿಗೆ ಗಾಲಿ ತಾಗಿಸಬ್ಯಾಡ" ಎಂದರು. ಅಷ್ಟೇ ಪಾಠ.

ಆರಕ್ಕೆ ಬಿಟ್ಟವರು ಹಟ್ಟಿ ತಲುಪಿದಾಗ ಎಂಟೂವರೆ. ಅಪ್ಪ ಗುಡಿ ಮುಂದೆ ಕೂತು ಮಂಡಿ ಒತ್ತಿಕೊಂಡರು. ಇಲ್ಲಿಗೆ ಸಾಕೇನೋ ಎಂದುಕೊಂಡೆ, ಕೇಳಲಿಲ್ಲ. ಒಂದು ಟೀ ಕುಡಿದು ಅವರೇ ಎದ್ದರು. ವಾಪಸು ಬರುವಾಗ ಗಾಳಿ ಹಿಂದಿನಿಂದ ತಳ್ಳಿತು, ಆದರೆ ರಸ್ತೆ ತಿರುಗಿದ ಕಡೆಯೆಲ್ಲಾ ಪಕ್ಕಕ್ಕೆ ಹೊಡೆಯಿತು. ಅಲ್ಲಿ ನಾನು ಗಾಳಿಯ ಮಗ್ಗುಲಿಗೆ ಬಂದೆ. ನನ್ನಂಥ ಸಣಕಲನಿಂದ ಅವರಿಗೆಷ್ಟು ಮರೆಯಾಯಿತೋ! ಅಪ್ಪ ಮಾತ್ರ "ಹಂಗೇ ಇರು" ಅಂದರು.

ವಸೂಲಿಗೆ ನಾಲ್ಕು ದಿನ ಹಿಡಿಯಿತು. 1,564ರಲ್ಲಿ 1,472 ರೂ. ಬಂತು. ಕಿ.ಮೀ.ಗೆ 1 ರೂ. ಬರೆಸಿದ ಎರಡು ಮನೆಯವರು ಶೇಂಗಾ ಮಾರಿದ ಮೇಲೆ ಕೊಡುತ್ತೇವೆ ಎಂದಿದ್ದಾರೆ. ಲೆಕ್ಕದ ಹಾಳೆಯನ್ನು ಈ ಲೇಖನದ ಕೆಳಗೇ ಅಂಟಿಸಿದ್ದೇನೆ, ಯಾರು ಬೇಕಾದರೂ ಕೂಡಿ ನೋಡಬಹುದು.