ಕಾಡುದಾರಿ: ಉಳಿಸುವುದು ಯಾವುದು, ಮುಚ್ಚುವುದು ಯಾವುದು?

ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಕಡೆ ಮೇಲೆ ಕುರುಚಲು ಕಾಡಿನ ಗುಡ್ಡ, ಕೆಳಗೆ ಕೆಮ್ಮಣ್ಣಿನ ಹೊಲ, ಅದಕ್ಕೂ ಕೆಳಗೆ ಕೆರೆ. ಸೌದೆಗೆಂದು, ಮೇವಿಗೆಂದು, ಕಲ್ಲಿಗೆಂದು ಗುಡ್ಡಕ್ಕೆ ದಾರಿಗಳು ಬೀಳುತ್ತವೆ. ಕೆಲಸ ಮುಗಿದರೂ ದಾರಿ ಉಳಿಯುತ್ತದೆ. ಹೀಗೆ ಉಳಿದ ದಾರಿ ಮಳೆಗಾಲದಲ್ಲಿ ಕಾಲುವೆಯಾಗುತ್ತದೆ ಎಂಬುದನ್ನು ರೈತ ಬಾಂಧವರು ಗಮನಿಸಬೇಕು.

ಹಾನಿಯ ಬಗೆ

ಚಕ್ರ, ಗೊರಸುಗಳ ತುಳಿತದಿಂದ ಗಟ್ಟಿಯಾದ ಮಣ್ಣಿನಲ್ಲಿ ನೀರು ಇಂಗುವುದು ಕಡಿಮೆ. 3 ಮೀಟರ್ ಅಗಲ, 1 ಕಿ.ಮೀ. ಉದ್ದದ ದಾರಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 30,000 ಲೀಟರ್ ನೀರು. ಇದರ ಬಹುಪಾಲು ಜಾಡು ಹಿಡಿದು ಇಳಿದು, ಕೊರಕಲು ತೆಗೆದು, ಹೊಲದ ಬದು ಒಡೆದು, ಕೆರೆಗೆ ಹೂಳು ತುಂಬುತ್ತದೆ.

ತೀರ್ಮಾನ ಹೇಗೆ?

ಒಳ್ಳೆಯ ಮಳೆ ಬಂದ ಮರುದಿನ ಊರಿನವರು ಕೂಡಿ ದಾರಿಗಳನ್ನು ನಡೆದು ನೋಡಿ, ಒಂದೊಂದಕ್ಕೂ ಈ ಪ್ರಶ್ನೆ ಹಾಕಬೇಕು:

1. ಯಾರು ಬಳಸುತ್ತಾರೆ, ವರ್ಷದಲ್ಲಿ ಎಷ್ಟು ತಿಂಗಳು?
2. ಬದಲಿ ದಾರಿ ಇದೆಯೆ?
3. ದಾರಿಯ ನೀರು ಎಲ್ಲಿಗೆ ಸೇರುತ್ತದೆ?
4. ಬೇಸಿಗೆಯಲ್ಲಿ ಬೆಂಕಿ ಆರಿಸಲು ಇದು ಬೇಕೆ?

ಬಳಕೆ ಇದ್ದು ಬದಲಿ ಇಲ್ಲದಿದ್ದರೆ, ಎಷ್ಟೇ ಕೆಟ್ಟಿದ್ದರೂ ದುರಸ್ತಿ ಮಾಡಿ ಉಳಿಸಬೇಕು. ನಡೆದಾಡುವವರು ಮಾತ್ರ ಇದ್ದರೆ ಗಾಡಿ ತಡೆದು ಕಾಲುದಾರಿ ಮಾಡಬಹುದು. ಬಳಕೆಯೂ ಇಲ್ಲದೆ ಬದಲಿಯೂ ಇರುವುದನ್ನು ಮುಚ್ಚುವುದೇ ಸರಿ. ಸಭೆಗೆ ಬರುವವರು ಹೆಚ್ಚಾಗಿ ಟ್ರ್ಯಾಕ್ಟರ್ ಇರುವವರು. ಕುರಿ ಕಾಯುವವರನ್ನೂ ಸೌದೆ ತರುವ ಹೆಣ್ಣುಮಕ್ಕಳನ್ನೂ ಕೇಳದೆ ಯಾವ ದಾರಿಯನ್ನೂ ಮುಚ್ಚಬಾರದು.

ಉಳಿಸಿದ ದಾರಿಯ ಪಾಲನೆ

ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಮಣ್ಣಿನ ದಿಬ್ಬ ಹಾಕಿ ನೀರನ್ನು ಪಕ್ಕದ ಗಿಡಗಂಟಿಗೆ ತಿರುಗಿಸಬೇಕು. 100 ಅಡಿಗೆ 5 ಅಡಿ ಇಳಿಜಾರಿದ್ದಲ್ಲಿ ಸುಮಾರು 40 ಮೀಟರಿಗೊಂದು, 10 ಅಡಿ ಇದ್ದಲ್ಲಿ 25 ಮೀಟರಿಗೊಂದು ದಿಬ್ಬ ಬೇಕು. ನೀರು ಹೊರಬೀಳುವ ಬಾಯಿಗೆ ಕಲ್ಲು ಹಾಸಬೇಕು. ಯಾರ ಹೊಲಕ್ಕೂ ನೇರವಾಗಿ ಬಿಡಕೂಡದು.

ಮುಚ್ಚುವ ಕ್ರಮ

ಬಾಯಿಗೆ ಬಂಡೆ ಉರುಳಿಸಿದರೆ ಗಾಡಿ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಇಳಿಜಾರಿಗೆ ಅಡ್ಡಲಾಗಿ ಗಟ್ಟಿ ಮಣ್ಣನ್ನು ಸಡಿಲಿಸಿ, ಜಾಡು ಮುಚ್ಚಿ, ದಿಬ್ಬಗಳನ್ನು ಹಾಕಿ, ತಂಗಡಿ, ಹೊಂಗೆ ಬೀಜ ಬಿತ್ತಬೇಕು. ಈ ಕೆಲಸ ಮೇ ತಿಂಗಳೊಳಗೆ ಮುಗಿದರೆ ಸೆಪ್ಟೆಂಬರ್-ಅಕ್ಟೋಬರಿನ ದೊಡ್ಡ ಮಳೆ ಬರುವ ಹೊತ್ತಿಗೆ ಬೇರು ಹಿಡಿದಿರುತ್ತದೆ.

ದಾರಿಯನ್ನು ಪೂರ್ತಿ ಮುಚ್ಚಲೇಬೇಕೆಂದಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಅಲ್ಲಿ ಅದು ವನ್ಯಪ್ರಾಣಿಗಳಿಗಾಗಿ. ನಮ್ಮಲ್ಲಿ ಮಣ್ಣಿಗಾಗಿ, ನೆಲ ಹಸಿಯಿರುವ ದಿನಗಳಲ್ಲಿ ಮಾತ್ರ ಗಾಡಿ ತಡೆದರೂ ಸಾಕಷ್ಟು ಲಾಭವಿದೆ.

ಅನುಮತಿ

ಅರಣ್ಯದ ಗಡಿಯೊಳಗೆ ಇಲಾಖೆಯ ಅನುಮತಿಯಿಲ್ಲದೆ ದಾರಿ ಅಗೆಯುವುದಾಗಲಿ, ಅಗಲಿಸುವುದಾಗಲಿ ಸಲ್ಲದು. ಪಕ್ಕದ ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಚಿಂಕಾರ ವನ್ಯಜೀವಿ ಧಾಮ ಘೋಷಣೆಯಾಗಿದ್ದು, ಅಂಥ ಕಡೆ ನಿಯಮ ಇನ್ನೂ ಬಿಗಿ. ಆದ್ದರಿಂದ ದಾರಿಗಳ ಪಟ್ಟಿ ಮಾಡಿ, ಗ್ರಾಮ ಪಂಚಾಯಿತಿಯ ಮೂಲಕ ವಲಯ ಅರಣ್ಯಾಧಿಕಾರಿಗಳಿಗೆ ಸಲ್ಲಿಸುವುದು ಕ್ರಮ.

ಹತ್ತು ಹಾಳುದಾರಿಗಳಿಗಿಂತ ಪಾಲನೆಯಿರುವ ಎರಡು ದಾರಿ ಮೇಲು. ಗುಡ್ಡದ ಮಣ್ಣು ಗುಡ್ಡದಲ್ಲೇ ನಿಂತರೆ ಕೆರೆಯಲ್ಲಿ ನೀರಿಗೆ ಜಾಗವಿರುತ್ತದೆ.