ಗೆಳೆಯನಿಗೆ ಕ್ಯೂ ಮಾರುವಾಗ

ನಿಮ್ಮ ಹಳೆಯ ಪೂಲ್ ಕ್ಯೂವನ್ನು ಗೆಳೆಯ ಕೇಳಿದ್ದಾನೆಯೇ? ಬೆಲೆ ಹೇಳುವ ಮೊದಲು ಅದನ್ನು ಅವನ ಎದುರಿಗೇ ಪರೀಕ್ಷಿಸಿ. ಒಂದು ಕಣ್ಣು ಮುಚ್ಚಿ ಬುಡದಿಂದ ತುದಿಯವರೆಗೆ ನೋಡಿದರೆ ಬಾಗು ಕಾಣುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟ ಮೇಪಲ್ ಮರದ ಕ್ಯೂ ಬಾಗುವ ಸಂಭವವಿದೆ. ಜೋಡಣೆ ಸಡಿಲವಾಗಿದೆಯೇ, ತುದಿಯಲ್ಲಿ ಟಿಪ್ ಕೂರುವ ಫೆರಲ್ ಎಂಬ ಬಳೆ ಬಿರುಕು ಬಿಟ್ಟಿದೆಯೇ ನೋಡಿ. ಚರ್ಮದ ಟಿಪ್ ಸವೆದಿದ್ದರೆ ಚಿಂತೆಯಿಲ್ಲ. ಹೊಸದು ಹಾಕಿಸುವ ಖರ್ಚನ್ನಷ್ಟೇ ಕಳೆಯಿರಿ. ಕ್ಯೂ ಬಾಗಿದ್ದರೆ ಮಾತ್ರ ಬೆಲೆ ಚೆನ್ನಾಗಿಯೇ ಇಳಿಯಬೇಕು.

ನೀವು ಅಂದು ಕೊಟ್ಟ ಹಣ ಇಂದಿನ ಬೆಲೆಯಲ್ಲ. ಅದೇ ಮಾದರಿಯ ಹೊಸದಕ್ಕೆ ಈಗ ಎಷ್ಟಿದೆ, ಬಳಸಿದ್ದು ಎಷ್ಟಕ್ಕೆ ಹೋಗುತ್ತಿದೆ ಎಂದು ವಿಚಾರಿಸಿ. ಹೊರಗಿನವರು ಕೊಡಬಹುದಾದ ಬೆಲೆಗಿಂತ ಗೆಳೆಯನಿಗೆ ಒಂದು ರೂಪಾಯಿಯೂ ಹೆಚ್ಚು ಹೇಳಬೇಡಿ. ರಿಯಾಯಿತಿ ಕೊಡುವುದಾದರೆ ಮನಸಾರೆ ಕೊಡಿ, ಆಮೇಲೆ ಅದನ್ನು ಎತ್ತಿ ಆಡಬೇಡಿ.

ಒಂದು ವಾರ ಆಡಿ ನೋಡಲು ಬಿಡಿ. ಪೂಲ್ ಕ್ಯೂಗಳ ತೂಕ ಸಾಮಾನ್ಯವಾಗಿ 18ರಿಂದ 21 ಔನ್ಸ್; ನಿಮ್ಮ ಕೈಗೆ ಒಗ್ಗಿದ್ದು ಅವನಿಗೆ ಒಗ್ಗಬೇಕೆಂದಿಲ್ಲ. ಬೇಡವೆಂದರೆ ಬೇಸರವಿಲ್ಲದೆ ವಾಪಸು ತೆಗೆದುಕೊಳ್ಳಿ. ಹಣ ಕಂತಿನಲ್ಲಾದರೆ ದಿನಾಂಕವನ್ನೂ ಮೊದಲೇ ಮಾತಾಡಿಕೊಳ್ಳಿ. ಬಾಯಿಬಿಟ್ಟು ಹೇಳದ ಲೆಕ್ಕವೇ ಸ್ನೇಹ ಕೆಡಿಸುವುದು.